ದಪ್ಪಣ್ಣನ ಬೆನ್ನ ಹಿಂದೆ

ಬಿಸಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಒದ್ದೆ ಹತ್ತಿಬಟ್ಟೆ ಚುಸ್ಸೆಂದಾಗ ಏಳುವ ವಾಸನೆ ಅವಳಿಗೆ ದಿನಾ ಸಿಗುವಂಥದ್ದು. ಅದು ಅವಳ ಕಸುಬು. ಆದರೆ ಇವತ್ತು ಅದರ ಜೊತೆ ಕಾದ ಧೂಳಿನ ಇನ್ನೊಂದು ವಾಸನೆ ಬೆರೆತು ಬಂತು, ಮೂವತ್ತು ವರ್ಷದ ಮೇಲೆ. ಹಳೆಯ ಟೀವಿಯ ಬೆನ್ನಿಗೆ ಮೂಗು ಇಟ್ಟರೆ ಬರುತ್ತದಲ್ಲ, ಆ ವಾಸನೆ. ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತಿ ಹಿಡಿದವಳು ಹಾಗೆಯೇ ನಿಂತುಬಿಟ್ಟಳು. ಹತ್ತು ವರ್ಷದ ತಮ್ಮನ ಬೆವರಿದ ಮೊಣಕೈ ತನ್ನ ಮೊಣಕೈಗೆ ಅಂಟಿದಂತಾಯಿತು.

"ಬಂತು ಮೇಡಂ, ಜೀವ ಬಂತು!" ಮೂಲೆಯ ಹಳೆಯ ವಿಡಿಯೋ ಆಟದ ಯಂತ್ರದ ಹಿಂದಿನಿಂದ ಮೆಕ್ಯಾನಿಕ್ ಕೂಗಿದ.

"ಕಾಲರು, ಕಾಲರು!" ಕಿಟಕಿಯ ಕಡೆಯಿಂದ ಚಿಕ್ಕಮ್ಮ ಕೂಗಿದಳು. ಅವಳು ಥಟ್ಟನೆ ಪೆಟ್ಟಿಗೆ ಎತ್ತಿದಳು. ಅಂಗಿ ಉಳಿಯಿತು.

ಲಾಂಡ್ರಿ ಮೊದಲು ಚಿಕ್ಕಮ್ಮನದು. ಈಗ ಅವಳಿಗೆ ಎಂಬತ್ತೊಂದು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕರವಸ್ತ್ರ ಮಡಿಸುವುದು, ಬೀದಿಯಲ್ಲಿ ಹೋಗಿ ಬರುವವರ ವರದಿ ಒಪ್ಪಿಸುವುದು, ಇವೆರಡೇ ಅವಳ ಪಾಲಿನ ಕೆಲಸ. ಬಟ್ಟೆಗೆ ಕಾಯುವವರು ಗೊಣಗದಿರಲಿ ಎಂದು ಹಿಂದೊಮ್ಮೆ ಆ ಆಟದ ಯಂತ್ರವನ್ನು ತಂದು ಮೂಲೆಯಲ್ಲಿ ನಿಲ್ಲಿಸಿದವಳೂ ಅವಳೇ. ಅದು ಕೆಟ್ಟು ಎಷ್ಟೋ ಕಾಲವಾಗಿತ್ತು. ಹಳೆಯ ಬೆಡ್‌ಶೀಟು ಹೊದ್ದು ನಿಂತು, ಇಸ್ತ್ರಿಯಾದ ಬಟ್ಟೆಯ ಗಂಟುಗಳನ್ನು ಹೊರುತ್ತಿತ್ತು. ಮುಂದಿನ ವಾರ ಅದೇ ಮೂಲೆಗೆ ಬಟ್ಟೆ ಒಣಗಿಸುವ ಹೊಸ ಯಂತ್ರ ಬರುವುದಿತ್ತು. ಹಳೆಯ ಆಟದ ಯಂತ್ರಗಳನ್ನು ಹುಡುಕಿ ರಿಪೇರಿ ಮಾಡಿ ಇಟ್ಟುಕೊಳ್ಳುವ ಈ ಮೆಕ್ಯಾನಿಕ್ ಯಾರಿಂದಲೋ ಸುದ್ದಿ ತಿಳಿದು ಬಂದಿದ್ದ. ಒಯ್ಯುವ ಮೊದಲು ಇಲ್ಲೇ ಒಮ್ಮೆ ಚಾಲೂ ಮಾಡುತ್ತೇನೆಂದು ಬೆಳಿಗ್ಗೆಯಿಂದ ಅದರ ಹೊಟ್ಟೆಯೊಳಗೆ ತಲೆ ತೂರಿಸಿ ಕೂತಿದ್ದ.

"ಜೀವ ಇರೋ ಯಂತ್ರ ಹೊರೋದು ಸುಲಭ ಅಜ್ಜಿ. ಸತ್ತಿದ್ದು ಭಾರ ಜಾಸ್ತಿ" ಎಂದಿದ್ದ.

"ಹೊರೋವಾಗ ನೀನು ಸಾಯ್ಬೇಡ ಕಣಪ್ಪ. ನಮ್ಮಲ್ಲಿ ಜಾಗ ಇಲ್ಲ" ಎಂದಿದ್ದಳು ಚಿಕ್ಕಮ್ಮ.

ಈಗ ಪರದೆಯ ಮೇಲೆ ಬೀದಿ ಮೂಡಿತು. ಸಣ್ಣ ಸಣ್ಣ ಚೌಕಗಳನ್ನು ಜೋಡಿಸಿ ಮಾಡಿದ ಬೀದಿ. ಚೌಕದ ಇಟ್ಟಿಗೆ, ಚೌಕದ ದೀಪ, ಚೌಕದ ಮೋಡ. ಆಟ ಸರಳ. ಕೆಂಪು ಬನಿಯನ್ನಿನವನೊಬ್ಬ, ನೀಲಿ ಜಡೆಯವಳೊಬ್ಬಳು, ಎಡದಿಂದ ಬಲಕ್ಕೆ ನಡೆಯುತ್ತ ಅಡ್ಡ ಬಂದ ಪುಂಡರನ್ನೆಲ್ಲ ಹೊಡೆದು ಉರುಳಿಸಬೇಕು. ಹೆಸರು ಯಾವುದೋ ಅರ್ಥವಾಗದ ಅಕ್ಷರದಲ್ಲಿತ್ತು. ಕೊನೆಯಲ್ಲಿ ಸರಪಳಿ ಬೀಸುತ್ತ ಬರುವ ಡುಮ್ಮನಿಗೆ ಅಕ್ಕತಮ್ಮ ದಪ್ಪಣ್ಣ ಎಂದು ಹೆಸರಿಟ್ಟು, ಆಟಕ್ಕೂ ಅದನ್ನೇ ಇಟ್ಟಿದ್ದರು.

"ಇದನ್ನ ಹುಡುಕ್ತಾ ಏಳು ವರ್ಷ ಅಲೆದಿದ್ದೀನಿ ಮೇಡಂ" ಮೆಕ್ಯಾನಿಕ್ ಕನ್ನಡಕ ಒರೆಸಿಕೊಂಡ. "ಇಂಥ ಆಟ ಇನ್ನೊಂದಿಲ್ಲ. ಆ ಪುಂಡನ್ನ ನೋಡಿ. ಹೊಡೆಯೋಕೆ ಬರೋ ಮುಂಚೆ ಪ್ಯಾಂಟು ಮೇಲೆ ಎಳ್ಕೋತಾನೆ. ಯಾಕೆ ಬೇಕಿತ್ತು ಅದು? ಬೇಕಿರಲಿಲ್ಲ. ಯಾರೋ ಕೂತು ಅಷ್ಟನ್ನೂ ಮಾಡಿದ್ದಾರೆ."

"ಎರಡನೇ ಬೀದೀಲಿ, ಮೇಲಿನ ಕಿಟಕೀಲಿ ಒಬ್ಬಳು ಬಟ್ಟೆ ಒಣಗಿ ಹಾಕ್ತಾಳೆ" ಎಂದಳು ಅವಳು. ಕೈ ತಾನಾಗಿಯೇ ಇಸ್ತ್ರಿಯ ಪ್ಲಗ್ಗು ಕಿತ್ತಿತ್ತು. "ಜಗಳ ಶುರುವಾದ್ರೆ ಒಳಗೆ ಹೋಗ್ತಾಳೆ. ಮುಗಿದ್ಮೇಲೆ ಬಂದು ಉಳಿದಿದ್ದು ಹಾಕ್ತಾಳೆ."

ಮೆಕ್ಯಾನಿಕ್ ಅವಳನ್ನು ಮೊದಲ ಬಾರಿಗೆ ನೋಡುವವನಂತೆ ನೋಡಿದ. "ನೀವೂ ಕಂಡಿದ್ದೀರಾ ಅವಳನ್ನ! ಅವಳ ಮುಖಕ್ಕೆ ಎಲ್ಲ ಸೇರಿ ಒಂಬತ್ತೇ ಚೌಕ ಮೇಡಂ. ಆದ್ರೂ ಹೆದರಿದ್ದಾಳೆ ಅಂತ ಗೊತ್ತಾಗುತ್ತೆ."

"ಹೆದರಿಲ್ಲ. ಒಗೆದ ಬಟ್ಟೆ ಮತ್ತೆ ಕೊಳೆಯಾಗುತ್ತಲ್ಲ ಅಂತ ಸಿಟ್ಟು."

"ಅದು ಲಾಂಡ್ರಿಯವರ ದೃಷ್ಟಿ" ಎಂದು ಮೆಕ್ಯಾನಿಕ್ ನಕ್ಕ.

"ವ್ಯಾನು ಬಂತು" ಎಂದಳು ಚಿಕ್ಕಮ್ಮ.

ದಿನಾ ಹನ್ನೆರಡೂವರೆಗೆ ಅವಳು ಆಡುವ ಮಾತು ಅದು. ಎದುರು ಸಾಲಿನ ಕಾಗದದ ಗೋದಾಮಿಗೆ ತಮ್ಮನ ಸಾಮಾನು ವ್ಯಾನು ಬಂದು ನಿಲ್ಲುತ್ತದೆ. ಒಳಗಿನವರು ಬಂಡಲು ಇಳಿಸಿಕೊಳ್ಳುವವರೆಗೆ ಅವನು ಸ್ಟಿಯರಿಂಗಿನ ಮುಂದೆಯೇ ಕೂತು ಎರಡು ಬನ್ನು ತಿಂದು ನೀರು ಕುಡಿದು ಹೊರಡುತ್ತಾನೆ. ರಸ್ತೆ ದಾಟಿ ಬರುವುದಿಲ್ಲ. ಅವಳು ತಲೆ ಎತ್ತುವುದಿಲ್ಲ. ಹೀಗೆ ಎರಡು ವರ್ಷ.

ಅಮ್ಮ ಮೊದಲಿನಿಂದಲೂ ಅವಳ ಜೊತೆಗೇ ಇದ್ದವಳು. ಕಡೆಗೆ ಹಾಸಿಗೆ ಹಿಡಿದಳು. ಅದೇ ಸುಮಾರಿಗೆ ಮಗಳ ಬೆನ್ನಿಗೆ ಆಪರೇಷನ್ ಆಯಿತು. ಅರ್ಧ ಬಕೆಟ್ ನೀರು ಕೂಡ ಎತ್ತಬೇಡಿ ಎಂದಿದ್ದರು ಡಾಕ್ಟರು. ಅವಳು ಯಾರಿಗೂ ಹೇಳದೆ ಅಮ್ಮನನ್ನು ಎತ್ತುತ್ತಲೇ ಇದ್ದಳು. ಒಂದು ಸಂಜೆ ತಮ್ಮ ಬಂದಾಗ ಅವಳು ಬಚ್ಚಲಮನೆಯ ಗೋಡೆ ಹಿಡಿದುಕೊಂಡು ನಿಂತಿದ್ದಳು. ಮರುದಿನ ಬೆಳಿಗ್ಗೆ ವ್ಯಾನಿನೊಳಗೆ ಹಾಸಿಗೆ ಹಾಸಿಕೊಂಡು ಬಂದ. ಅಮ್ಮನನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದ. "ಇನ್ನು ಅಮ್ಮ ನಮ್ಮನೇಲಿರ್ತಾಳೆ. ನೀನು ಮಲಕ್ಕೋ" ಎಂದು ಅಷ್ಟೇ ಹೇಳಿದ. ಐದು ತಿಂಗಳ ಮೇಲೆ ಅಮ್ಮ ಅವನ ಮನೆಯಲ್ಲೇ ತೀರಿಕೊಂಡಳು. ಆ ದಿನ ನೆಂಟರಿಷ್ಟರೆಲ್ಲರ ಎದುರಿಗೆ ಅವಳು, "ಚಿಕ್ಕಂದಿನಿಂದ ನನ್ನ ತಟ್ಟೆಗೇ ಕೈ ಹಾಕಿದೋನು ನೀನು. ಕೊನೆಗೆ ಅಮ್ಮನ್ನೂ ಕಿತ್ಕೊಂಡೆ" ಎಂದುಬಿಟ್ಟಳು. ತಮ್ಮ ತಲೆ ಬಗ್ಗಿಸಿಕೊಂಡು ನಿಂತಿದ್ದ. ಮಾತು ಅಲ್ಲಿಗೆ ನಿಂತುಹೋಯಿತು.

ತಟ್ಟೆಯ ಮಾತು ಬಂದದ್ದು ಈ ಆಟದಿಂದಲೇ. ದಾರಿಯಲ್ಲಿ ಅಲ್ಲಲ್ಲಿ ಡ್ರಮ್ಮುಗಳಿರುತ್ತವೆ. ಒದ್ದು ಒಡೆದರೆ ಒಳಗಿನಿಂದ ಒಂದು ತಟ್ಟೆ ಊಟ ಬರುತ್ತದೆ. ಅದನ್ನು ಎತ್ತಿಕೊಂಡವರ ಪ್ರಾಣದ ಪಟ್ಟಿ ಮತ್ತೆ ಪೂರ್ತಿ ತುಂಬುತ್ತದೆ. ದಪ್ಪಣ್ಣ ಬರುವ ಮೊದಲು ಸಿಗುವುದು ಒಂದೇ ಒಂದು ತಟ್ಟೆ. ಅವಳ ಪಟ್ಟಿಯಲ್ಲಿ ಒಂದೇ ಗೆರೆ ಉಳಿದಿದ್ದರೂ ತಮ್ಮ ಅಡ್ಡ ನುಗ್ಗಿ ಅದನ್ನು ತಾನೇ ತಿಂದುಬಿಡುತ್ತಿದ್ದ. ಒಂದು ಸಲವಾದರೂ ಬಿಟ್ಟುಕೊಟ್ಟವನಲ್ಲ.

"ಬನ್ನಿ ಮೇಡಂ, ಒಂದು ಆಟ. ಇಬ್ಬರಿದ್ರೇನೇ ಇದರ ರುಚಿ" ಎಂದ ಮೆಕ್ಯಾನಿಕ್.

ಅವಳು ಬಲಗಡೆಯ ಗುಂಡಿಗಳ ಮುಂದೆ ನಿಂತಳು. ಅದು ಅವಳ ಜಾಗ, ನೀಲಿ ಜಡೆಯವಳನ್ನು ಆಡಿಸುವ ಕಡೆ. ಮೊದಲ ಬೀದಿ ದಾಟುವಷ್ಟರಲ್ಲಿ ಬೆರಳಿಗೆ ಹಳೆಯ ಪಾಠ ನೆನಪಾಯಿತು. ಪ್ಯಾಂಟು ಎಳೆದುಕೊಳ್ಳುವವನನ್ನು ಎಳೆದುಕೊಳ್ಳುವಾಗಲೇ ಒದೆಯಬೇಕು. ಕಿಟಕಿಯವಳು ಒಳಗೆ ಹೋದಳು, ಹೊರಗೆ ಬಂದಳು. ಸಮಯ ನೋಡಿ ಜಿಗಿಯುವುದು ಮಾತ್ರ ಆಗಲೂ ಬರುತ್ತಿರಲಿಲ್ಲ, ಈಗಲೂ ಬರಲಿಲ್ಲ.

"ಇನ್ನೂ ಆ ಡುಮ್ಮ ಸತ್ತಿಲ್ವೇನೇ?" ಎಂದು ಚಿಕ್ಕಮ್ಮ ಕೇಳಿದಳು.

"ಈಗ ಬರ್ತಿದ್ದಾನೆ, ತಡಿ."

ಸರಪಳಿಯ ಸದ್ದು ಮೊದಲು ಕೇಳಿಸಿತು. ಮೆಕ್ಯಾನಿಕ್ಕಿನ ಪಟ್ಟಿ ಅಷ್ಟರಲ್ಲಿ ಎರಡು ಗೆರೆಗೆ ಬಂದಿತ್ತು, ಅವಳದು ಅರ್ಧ. ಅವಳು ಮೂಲೆಯ ಡ್ರಮ್ಮು ಒಡೆದಳು. ತಟ್ಟೆ ಬಿತ್ತು. ಅವಳು ಪಕ್ಕಕ್ಕೆ ಸರಿದು ನಿಂತಳು.

"ತಗೊಳ್ಳಿ, ನಿಮಗೇ."

"ಅಯ್ಯೋ ನಂಗೆ ಬೇಡ ಮೇಡಂ!" ಅವನು ಹೌಹಾರಿದ. "ನಂದು ಕಮ್ಮಿ ಇದೆ ಅಂತಾನೇ ನಾನು ಉಳಿಯೋದು. ಆ ಡುಮ್ಮ ಯಾವಾಗ್ಲೂ ಯಾರ ಪಟ್ಟಿ ತುಂಬಿದೆಯೋ ಅವರ ಮೇಲೇ ಬೀಳ್ತಾನೆ. ನೀವು ತಿನ್ನಿ. ನಾನು ಹಿಂದೆ ಹೋಗಿ ಹೊಡೀತೀನಿ."

"ಅಂದ್ರೆ?"

"ಅಂದ್ರೆ ತಿಂದೋರಿಗೆ ಏಟು. ಜೊತೆಯವರಿಗೆ ಜಿಗಿಯೋಕೆ ಬರಲ್ಲ, ಸೊರಗಿದ್ದಾರೆ ಅಂದ್ರೆ, ಜಿಗಿಯೋಕೆ ಬರೋನು ತಾನೇ ತಿಂದು ಡುಮ್ಮನ್ನ ತನ್ನ ಕಡೆ ಎಳ್ಕೋಬೇಕು. ಎಲ್ಲೂ ಬರೆದಿಲ್ಲ ಇದನ್ನ, ಆಡಿ ಆಡಿ ಗೊತ್ತಾಗ್ಬೇಕು. ನೋಡೋರಿಗೆ ಮಾತ್ರ ಇವನೆಂಥ ಹೊಟ್ಟೆಬಾಕ ಅನ್ಸುತ್ತೆ."

ಅವಳ ಕೈ ಗುಂಡಿಯ ಮೇಲೆ ನಿಂತಿತು. ದಪ್ಪಣ್ಣ ಸರಪಳಿ ಬೀಸಿದ. ನೀಲಿ ಜಡೆಯವಳು ಹಾರಿ ಬಿದ್ದಳು.

"ಮೇಡಂ, ತಿನ್ನಿ!"

ಅಕ್ಕಾ, ಹಿಂದೆ ಹೋಗು, ಹಿಂದೆ ಹೋಗು. ಹತ್ತು ವರ್ಷದವನ ಕಿರುಚಲು ಕಿವಿಯಲ್ಲಿತ್ತು. ಅವನು ಪ್ರತಿಸಲ ಹಾಗೇ ಕೂಗುತ್ತಿದ್ದ. ಅವಳು ದಪ್ಪಣ್ಣನ ಬೆನ್ನ ಹಿಂದೆ ನಿಂತು ದಬದಬ ಬಾರಿಸುತ್ತಿದ್ದಳು. ಸರಪಳಿ ಒಮ್ಮೆಯೂ ಅವಳ ಕಡೆ ತಿರುಗಿದ ನೆನಪಿಲ್ಲ. ಅದು ತನ್ನ ಕೈಚಳಕ ಎಂದುಕೊಂಡಿದ್ದಳು.

"ತಮ್ಮನಿಗೆ ಯಾವಾಗ್ಲೂ ಕೊನೇಲಿ ಸಾಯೋದೇ ಕೆಲಸ" ಕಿಟಕಿಯ ಹತ್ತಿರ ಚಿಕ್ಕಮ್ಮ ಕರವಸ್ತ್ರಕ್ಕೆ ಹೇಳುವಂತೆ ಹೇಳುತ್ತಿದ್ದಳು. "ಇವಳು ಗೆದ್ದೆ ಗೆದ್ದೆ ಅಂತ ಕುಣಿಯೋದು. ಅವನು ಸತ್ತು ನಿಂತು ಚಪ್ಪಾಳೆ ತಟ್ಟೋದು."

ಪರದೆಯ ಮೇಲೆ ನೀಲಿ ಜಡೆಯವಳು ಮೇಲೇಳಲಿಲ್ಲ. ಮೆಕ್ಯಾನಿಕ್ ಒಬ್ಬನೇ ಸ್ವಲ್ಪ ಹೊತ್ತು ತಪ್ಪಿಸಿಕೊಂಡು ಓಡಾಡಿ, ಅವನೂ ಬಿದ್ದ. "ಇರಲಿ ಬಿಡಿ. ಯಂತ್ರ ಚೆನ್ನಾಗಿದೆ, ಅದು ಮುಖ್ಯ. ನಾಳೆ ಗಾಡಿ ತರ್ತೀನಿ."

"ನಾಳೆ ಬೇಡ" ಎಂದಳು ಅವಳು. "ಭಾನುವಾರ ಕಳೀಲಿ. ಇನ್ನೊಬ್ಬ ಆಡೋನಿದ್ದಾನೆ."

ಚಿಕ್ಕಮ್ಮನ ಕೈಯಲ್ಲಿ ಕರವಸ್ತ್ರ ಅರ್ಧ ಮಡಿಕೆಗೆ ನಿಂತಿತು. ಆಮೇಲೆ ಅದನ್ನು ಮಡಿಸಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಎಂಬತ್ತೊಂದು ವರ್ಷದಲ್ಲಿ ಅಷ್ಟು ಕಲಿತಿದ್ದಳು.

ಯಂತ್ರದ ಮುಂದಿನಿಂದ ಸರಿದು ಅವಳು ಕಪಾಟು ತೆಗೆದಳು. ಒಳಗೆ ತನ್ನ ಮಧ್ಯಾಹ್ನದ ಊಟದ ಡಬ್ಬಿ ಇತ್ತು, ಇನ್ನೂ ಸ್ವಲ್ಪ ಬೆಚ್ಚಗಿತ್ತು. ಒಗೆದ ಟವೆಲ್ಲೊಂದರಲ್ಲಿ ಅದನ್ನು ಸುತ್ತಿದಳು. ಗಂಟು ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿದಳು.

"ಗಾಡಿ ನೋಡ್ಕೊಂಡು ದಾಟು" ಎಂದಳು ಚಿಕ್ಕಮ್ಮ, ಅವಳಿಗಿನ್ನೂ ಎಂಟೇ ವರ್ಷ ಎಂಬಂತೆ.

ಗೋದಾಮಿನ ಮುಂದೆ ಬಿಸಿಲು ಚುರುಗುಟ್ಟುತ್ತಿತ್ತು. ವ್ಯಾನಿನ ಕಿಟಕಿ ತೆರೆದಿತ್ತು. ಹತ್ತಿರ ಹೋದಾಗ ತಮ್ಮನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿರುವುದು ಕಾಣಿಸಿತು. ಅವನು ಎರಡನೇ ಬನ್ನಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಬಿಚ್ಚುತ್ತಿದ್ದ. ಬಲಗೈ ಸುಮ್ಮನೆ ಸೀಟಿನ ಮೇಲೆ ಮಲಗಿತ್ತು. ಅಮ್ಮನನ್ನು ಎತ್ತಿ ಎತ್ತಿ ಇವರ ಭುಜ ಹೋಯ್ತು ಎಂದು ಅವನ ಹೆಂಡತಿ ಯಾರದೋ ಹತ್ತಿರ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಆಗ ಅವಳು ಮುಖ ತಿರುಗಿಸಿಕೊಂಡು ಕೇಳಿಸದವಳಂತೆ ಇದ್ದಳು.

ನೆರಳು ಬಿದ್ದದ್ದಕ್ಕೆ ಅವನು ತಲೆ ಎತ್ತಿದ. ಅಕ್ಕನ ಮುಖ ನೋಡಿದ, ಟವೆಲ್ಲಿನ ಗಂಟು ನೋಡಿದ.

"ಏನಿದು?"

"ಡ್ರಮ್ಮು ಒಡೆದೆ" ಎಂದಳು. "ಸಿಕ್ತು."

ಅವನು ರಸ್ತೆಯಾಚೆ ನೋಡಿದ. ಲಾಂಡ್ರಿಯ ಒಳಗೆ, ಮೂಲೆಯಲ್ಲಿ, ಒಂದು ಬೆಳಕು ಕೆಂಪಾಗಿ ನೀಲಿಯಾಗಿ ಮಿಣುಕುತ್ತಿತ್ತು.

"ನಿಂದು ಊಟ ಆಯ್ತಾ?" ಎಂದ.

ಅವಳು ಡಬ್ಬಿಯನ್ನು ಮುಂದೆ ಚಾಚಿದಳು. ಅವನ ಎಡಗೈ ಬಂತು. ಅದರ ಹಿಂದೆ ಬಲಗೈಯೂ ನಿಧಾನವಾಗಿ ಏಳಲು ನೋಡಿ, ಎದೆಯ ಮಟ್ಟದಲ್ಲಿ ನಿಂತುಬಿಟ್ಟಿತು. ಅವಳು ಡಬ್ಬಿಯನ್ನು ಒಂದು ಗೇಣು ಕೆಳಗಿಳಿಸಿ, ಅವನ ಎರಡೂ ಕೈಗೆ ಎಟುಕುವಂತೆ ಹಿಡಿದಳು.