ಬದುವಿನ ಮೇಲಿನ ಚರಗ

ಎಳ್ಳಮಾವಾಸ್ಯೆಯ ಹಿಂದಿನ ದಿನ ನನ್ನ ಮಗ ಗವಿಸಿದ್ದೇಶ ಬೇವೂರಿನ ಚಹಾದಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಒಂದು ಮಾತು ಆಡಿ ಬಂದಿದ್ದ.

"ಈ ಸಲ ನಮ್ಮ ಚರಗ ಬದುವಿನ ಆಚಿಗೆ ಬೀಳ್ತೈತಿ. ಯಾರ ಅಡ್ಡ ಬರ್ತಾರ ನೋಡೂಣು."

ಹೊತ್ತು ಮುಳುಗುವುದರೊಳಗೆ ಆ ಮಾತು ಹುಚ್ಚೀರಪ್ಪನ ಮನೆ ಮುಟ್ಟಿತು. ಅವನ ಉತ್ತರವೂ ನಮ್ಮ ಮನೆ ಮುಟ್ಟಿತು. "ಬರಲಿ. ಬದುವಿನ ಮ್ಯಾಲ ಇಟ್ಟ ಕಾಲು ಹೊಳ್ಳಿ ಮನಿಗೆ ಹೋಗಂಗಿಲ್ಲ."

ಹುಚ್ಚೀರಪ್ಪನ ಹೊಲ ನಮ್ಮ ಹೊಲಕ್ಕೆ ಹತ್ತಿಕೊಂಡೇ ಇದೆ. ನಡುವೆ ಇದ್ದ ಬದು ಮಳೆಗೆ ಕೊಚ್ಚಿ ಸವೆದು, ಎಲ್ಲಿ ನಮ್ಮದು ಮುಗಿಯಿತು, ಎಲ್ಲಿ ಅವನದು ಶುರುವಾಯಿತು ಎಂಬುದು ತಕರಾರಿಗೆ ಬಿದ್ದಿತ್ತು. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಮನೆಯಲ್ಲಿ ಮಾಡಿದ ಅಡಿಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ ಹೊಲದ ಸುತ್ತ ಚೆಲ್ಲುತ್ತಾ ನಡೆಯುತ್ತೇವೆ. ವರ್ಷವಿಡೀ ಉಣಿಸಿದ ಭೂಮಿತಾಯಿಗೆ ಒಂದು ದಿನ ನಾವು ಉಣಿಸುವುದು. ಅದೇ ಚರಗ. ಆದರೆ ಚರಗ ಬಿದ್ದಷ್ಟು ನೆಲ ಚೆಲ್ಲಿದವನದು ಎಂದು ಜನ ನಂಬುತ್ತಾರೆ. ನನ್ನ ಮಗ ಉಣಿಸುವ ಕೈಯಿಂದ ಗಡಿ ಹಾಕಲು ಹೊರಟಿದ್ದ.

ಅವನ ಸಿಟ್ಟು ನೆಲದ ಮೇಲಿನದಲ್ಲ. ಅದು ನನಗೆ ಗೊತ್ತಿತ್ತು.

ಮಹಾನವಮಿಯ ಮುಂಚೆ, ಬಿಳಿಜೋಳ ಬಿತ್ತುವ ಹೊತ್ತಿನಲ್ಲಿ, ನನ್ನ ಯಜಮಾನರು ಅದೇ ಬದುವಿನ ಹತ್ತಿರ ಹುಚ್ಚೀರಪ್ಪನ ಜೊತೆ ಮಾತಿಗೆ ಮಾತು ಬೆಳೆಸಿ, ಎದೆ ಹಿಡಿದುಕೊಂಡು ಕೂತರು. ಸಿದ್ದೇಶ ಆ ದಿನ ಗಂಗಾವತಿಗೆ ಹೋಗಿದ್ದ. ನಾನು ಮನೆಯಲ್ಲಿ ಇಷ್ಟಲಿಂಗ ಪೂಜೆಗೆ ಕೂತಿದ್ದೆ. ಹುಚ್ಚೀರಪ್ಪನೇ ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು, ಎರೆಹೊಲದ ಕೆಸರಿನಲ್ಲಿ ರಸ್ತೆಯ ತನಕ ಓಡಿ, ನಮ್ಮೂರ ಹನಮೇಶನ ಟೆಂಪೋ ನಿಲ್ಲಿಸಿ ಕುಷ್ಟಗಿಗೆ ಕರೆದೊಯ್ದ. ಆಸ್ಪತ್ರೆ ಮುಟ್ಟುವ ಮೊದಲೇ ಅವರು ಲಿಂಗೈಕ್ಯರಾದರು. ನಾವು ಹೋದಾಗ ಹುಚ್ಚೀರಪ್ಪ ಅಲ್ಲಿನ ಬೇವಿನ ಮರದ ಕೆಳಗೆ ಮೊಣಕಾಲ ತನಕ ಕೆಸರಾಗಿ ನಿಂತಿದ್ದ. ಸಿದ್ದೇಶ ಹೋಗಿ ಅವನ ಕೊರಳಪಟ್ಟಿ ಹಿಡಿದು, "ನನ್ನಪ್ಪನ ಕೊಂದಿ ನೀನು" ಎಂದ. ಹುಚ್ಚೀರಪ್ಪ ಅವನ ಕೈ ಬಿಡಿಸಿಕೊಂಡ. ಹಾಗೆಯೇ ಹೊರಟುಹೋದ. ಅಂದಿನಿಂದ ಎರಡು ಮನೆಯ ನಡುವೆ ಮಾತಿಲ್ಲ.

ನನ್ನ ಯಜಮಾನರು ಕರಿಬಸಪ್ಪನವರಿಗೆ ಒಂದು ನೇಮ ಇತ್ತು. ರಾತ್ರಿ ತಾಟಿನ ಮುಂದೆ ಕೂತಾಗ ಮೊದಲ ತುತ್ತು ಎತ್ತುವ ಮುಂಚೆ, ಆ ದಿನ ತಮಗೆ ಉಪಕಾರವಾದವರನ್ನು ಹೆಸರು ಹಿಡಿದು ನೆನೆದು ಶರಣು ಎನ್ನುತ್ತಿದ್ದರು. ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟವನು, ಕಳೆ ತೆಗೆಯುವಾಗ ಹಾಡು ಹೇಳಿದವಳು, ಯಾರೇ ಆಗಲಿ. ಮನಸ್ಸಿನಲ್ಲಿ ಅಂದರೆ ಸಾಲದು ಎನ್ನುತ್ತಿದ್ದರು. ಮರುದಿನ ಸಿಕ್ಕರೆ ಅವರ ಎದುರಿಗೆ ಅನ್ನಬೇಕು, ಅವರ ಕಿವಿಗೆ ಬೀಳಬೇಕು. ನಾನು ನಗುತ್ತಿದ್ದೆ. "ನಿಮ್ಮ ಶರಣು ಮುಗಿಯೂದ್ರಾಗ ರೊಟ್ಟಿ ಆರಿ ಸೆಟೀತಾವು" ಎಂದು ಕಾಡುತ್ತಿದ್ದೆ.

ಅವರು ಹೋದ ಮೇಲೆ ಆ ನೇಮವನ್ನು ನಾನು ಹಿಡಿದೆ. ಮೊದಮೊದಲು ಬರೀ ಬಾಯಿಮಾತು. ದುಃಖದಲ್ಲಿ ಕಣ್ಣಿಗೆ ಯಾರೂ ಕಾಣುತ್ತಿರಲಿಲ್ಲ. ಹೆಸರು ಹುಡುಕಬೇಕೆಂದು ದಿನವೆಲ್ಲ ನೋಡತೊಡಗಿದಾಗ ಒಂದೊಂದೇ ಕಂಡವು. ಓಣಿಯ ನಸೀಮಾಬಿ ನಾನು ಕೇಳದೆಯೇ ದಿನಾ ಒಂದು ಕೊಡ ನೀರು ತಂದಿಟ್ಟು ಹೋಗುತ್ತಿದ್ದಳು. ಸೊಸೆ ಅಮೃತಾ ನಾನು ಅಳುವ ಹೊತ್ತಿಗೆ ಸರಿಯಾಗಿ ಏನಾದರೂ ಕೆಲಸ ತಂದು ಕೈಗಿಡುತ್ತಿದ್ದಳು. ಇವರಿಗೆಲ್ಲ ಎದುರಿಗೇ ಶರಣು ಅಂದೆ. ಎದೆಯ ಕಲ್ಲು ಸ್ವಲ್ಪ ಸ್ವಲ್ಪ ಸರಿಯಿತು. ಆದರೆ ಪ್ರತಿದಿನ ಒಂದು ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಅದನ್ನು ಮಾತ್ರ ತುತ್ತಿನ ಜೊತೆ ನುಂಗಿಬಿಡುತ್ತಿದ್ದೆ. ಜಗಳ ಆಡಿದವನಿಗೆ ಹೇಗೆ ಶರಣೆನ್ನುವುದು? ಹೊತ್ತವನಿಗೆ ಹೇಗೆ ಅನ್ನದೆ ಇರುವುದು?

ಅಮಾವಾಸ್ಯೆಯ ಬೆಳಿಗ್ಗೆ ಅಮೃತಾ ಒಲೆಯ ಮುಂದೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಆಗಿದ್ದವು. ಅವಳ ಕಣ್ಣು ಮಾತ್ರ ಅಂಗಳದ ಕಡೆಗೇ ಇತ್ತು. ಅಲ್ಲಿ ಸಿದ್ದೇಶ ಕೊಡಲಿಯನ್ನು ಕಲ್ಲಿಗೆ ಮಸೆಯುತ್ತಿದ್ದ.

"ಅತ್ತಿ, ಬುತ್ತಿ ಕಟ್ಟೂದೋ, ಗಾಯಕ್ಕ ಪಟ್ಟಿ ಕಟ್ಟೂದೋ ನನಗಂತೂ ತಿಳೀವಲ್ದು" ಎಂದಳು.

"ಎರಡೂ ಇಟ್ಕೊ" ಎಂದೆ.

"ಚಾಷ್ಟಿ ಬ್ಯಾಡ್ರಿ. ನೀವರ ಹೇಳ್ರಿ ಅವ್ರಿಗೆ. ವರ್ಷ ತುಂಬಿಲ್ಲ, ಈ ಸಲ ಹಬ್ಬ ಬ್ಯಾಡ ಅನ್ರಿ. ಮನ್ಯಾಗ ಇರೂಣು."

"ಹಬ್ಬ ನಮ್ಮದಲ್ಲವ್ವ, ಭೂಮಿದು. ಭೂಮಿಗೆ ಸೂತಕ ಇಲ್ಲ."

ಹಾಗೆ ಅಂದು ಅಂಗಳಕ್ಕೆ ಹೋದೆ. ಸಿದ್ದೇಶನನ್ನು ಕರೆದು, "ಕೊಡ್ಲಿ ಯಾಕೋ?" ಎಂದೆ.

"ಬನ್ನಿಗಿಡದ ಟೊಂಗಿ ಕಡಿಯಾಕ."

"ಟೊಂಗಿ ಕಡಿಯಾಕ ಇಷ್ಟು ಹರಿತ ಬೇಕೇನು?"

ಅವನು ನನ್ನ ಮುಖ ನೋಡದೆ ಟ್ರ್ಯಾಕ್ಟರಿನ ಕಡೆಗೆ ನಡೆದ.

ಹೊಲ ಮುಟ್ಟಿದಾಗ ಬಿಸಿಲು ಏರಿತ್ತು. ಜೋಳ ಎದೆಯುದ್ದ ನಿಂತಿತ್ತು, ಸಾಲಿನ ನಡುವೆ ಕುಸುಬೆ. ಸುತ್ತಲಿನ ಹೊಲಗಳಲ್ಲಿ ಜನ ಕಂಬಳಿ ಹಾಸಿ ನಗುತ್ತಿದ್ದರು. ನಮ್ಮ ಟ್ರ್ಯಾಕ್ಟರ್ ಕಂಡ ಕೂಡಲೇ ಅವರ ನಗು ತಗ್ಗಿತು. ಎಲ್ಲರಿಗೂ ಚಹಾದಂಗಡಿಯ ಮಾತು ಗೊತ್ತಿತ್ತು. ಪಡುವಣ ಬದುವಿನ ಆಚೆಗೆ ಹುಚ್ಚೀರಪ್ಪ ಆಗಲೇ ನಿಂತಿದ್ದ, ಕೈಯಲ್ಲಿ ಬಡಿಗೆ. ಅವನ ಹೆಂಡತಿ ದುರಗಮ್ಮ ಬುತ್ತಿಗಂಟು ಬಿಚ್ಚದೆ ಪಕ್ಕಕ್ಕೆ ಇಟ್ಟುಕೊಂಡು ಕೂತಿದ್ದಳು.

ಬನ್ನಿಗಿಡದ ಕೆಳಗೆ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದೆವು. ವಿಭೂತಿ ಇಡುವಾಗ ನನ್ನ ಬಾಯಿಗೆ ಮಂತ್ರ ಬರಲಿಲ್ಲ. ಶಿವನೇ, ಇವತ್ತು ಒಬ್ಬ ಮಗನನ್ನು ಉಳಿಸಿಕೊಡು ಎಂಬುದಷ್ಟೇ ಬಂತು. ಯಾರ ಮಗನನ್ನು ಎಂದು ಹೇಳಲಿಲ್ಲ. ನಾನು ಊರ ಶಾಲೆಯಲ್ಲಿ ಅಕ್ಕೋರಾಗಿ ಕಲಿಸುತ್ತಿದ್ದಾಗ ಹುಚ್ಚೀರಪ್ಪನೂ ಹಿಂದಿನ ಸಾಲಿನಲ್ಲಿ ಕೂತು ನನ್ನಿಂದ ಮಗ್ಗಿ ಕಲಿತವನೇ.

ಸಿದ್ದೇಶ ಚರಗದ ಬುಟ್ಟಿಗೆ ಕೈ ಹಾಕಲು ಬಂದ. ನಾನು ಮುಂಚೆಯೇ ಅದನ್ನು ಸೊಂಟಕ್ಕೆ ಎತ್ತಿಕೊಂಡೆ.

"ನಾ ಚೆಲ್ತೀನಿ. ನೀ ಹಿಂದ ನೀರು ಚಿಮುಕಿಸಿಕೋತ ಬಾ."

"ಯವ್ವಾ, ಹೆಂಗಸ್ರು ಚರಗ ಚೆಲ್ಲೂದು ಎಲ್ಲೈತಿ?"

"ಚೆಲ್ಲೋ ಗಂಡಸು ಹೋದ. ನೀ ಚೆಲ್ಲಾಕ ಬಂದಿಲ್ಲ, ಹೊಡಿಯಾಕ ಬಂದಿ. ತಂಬಿಗಿ ಹಿಡಿ."

ಅಮೃತಾ ಬೇಗನೆ ತಂಬಿಗೆ ತುಂಬಿ ಅವನ ಕೈಗೆ ಕೊಟ್ಟಳು. ಅವನು ಹಿಡಿದುಕೊಂಡ. ಆದರೆ ಕೊಡಲಿಯನ್ನು ಹೆಗಲಿನಿಂದ ಇಳಿಸಲಿಲ್ಲ.

ನಡೆದೆವು. ನಾನು ಹಿಡಿ ತುಂಬ ಚೆಲ್ಲಿ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದಿನವನು ನೀರು ಚಿಮುಕಿಸಿ "ಸಲ್ಲಾಂಬ್ರಿಗೋ" ಎನ್ನಬೇಕು, ಅದು ಚರಗದ ಹಳೆಯ ಕೂಗು. ಸಿದ್ದೇಶ ಹಲ್ಲು ಕಚ್ಚಿಕೊಂಡೇ ಅಂದ. ಮೂಡಣ ಬದು ಮುಗಿಯಿತು, ತೆಂಕಣದ್ದೂ ಮುಗಿಯಿತು. ಪಡುವಣಕ್ಕೆ ತಿರುಗಿದೆವು. ಸುತ್ತಲಿನ ಹೊಲಗಳವರು ಉಣ್ಣುವುದು ಬಿಟ್ಟು ಎದ್ದು ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ.

ದುರಗಮ್ಮ ಕೂತಲ್ಲಿಂದಲೇ ಕೂಗಿದಳು. "ಏನ್ರಿ ಸಾವ್ಕಾರ, ಕೊಡ್ಲೀಲೆ ಭೂಮ್ತಾಯಿಗೆ ಉಣಸ್ತೀರೇನು?"

"ನಿನ್ನ ಗಂಡಗ ಉಣಸಾಕ ತಂದೀನಿ" ಎಂದ ಸಿದ್ದೇಶ ನನ್ನ ಹಿಂದಿನಿಂದ.

ಹುಚ್ಚೀರಪ್ಪ ಬಡಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಅಕ್ಕೋರ, ನೀವು ಸರೀರಿ. ನಿಮ್ಮ ಮ್ಯಾಲ ನಾ ಕೈ ಎತ್ತಂಗಿಲ್ಲ. ಆಂವಗ ಬಾ ಅನ್ರಿ."

ನನ್ನ ಮುಷ್ಟಿಯಲ್ಲಿ ಚರಗ ಇತ್ತು. ಆಚೆಗೆ ಚೆಲ್ಲಿದರೆ ಹುಚ್ಚೀರಪ್ಪ ಸುಮ್ಮನಿರುವವನಲ್ಲ. ಈಚೆಗೇ ಚೆಲ್ಲಿ ತಿರುಗಿದರೆ ಸಿದ್ದೇಶ ಬುಟ್ಟಿ ಕಸಿದುಕೊಂಡು ಮುನ್ನುಗ್ಗುತ್ತಾನೆ. ಎರಡಕ್ಕೂ ಕೊನೆ ಒಂದೇ. ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ ಸವೆದ ಬದುವಿನ ಮೇಲೆಯೇ ಹತ್ತಿ ನಿಂತೆ. ನುಂಗಿ ನುಂಗಿ ಇಟ್ಟುಕೊಂಡಿದ್ದ ಹೆಸರು ಆಗ ತಾನಾಗಿ ಹೊರಗೆ ಬಂತು.

"ಹುಚ್ಚೀರಪ್ಪ, ನಿನಗೊಂದು ಮಾತು ಅನ್ನೂದಿತ್ತು. ತಡಾಗೇತಿ."

"ಅನ್ರಿ."

"ನೀ ನಮ್ಮ ಯಜಮಾನ್ರ ಜೋಡಿ ಇಲ್ಲೇ ಜಗಳ ಆಡಿದಿ. ಅದನ್ನ ನಾ ಮರ್ತಿಲ್ಲ. ಮರೀತೀನಿ ಅಂತ ಸುಳ್ಳು ಹೇಳಂಗಿಲ್ಲ. ಆದ್ರ ಅವರನ್ನ ಬೆನ್ನ ಮ್ಯಾಲ ಹೊತ್ತಾಂವನೂ ನೀನ. ಆ ಕೆಸರಾಗ ಓಡಿದಾಂವನೂ ನೀನ. ಅದಕ್ಕ ನಿನಗ ಶರಣಪ್ಪ."

ಬುಟ್ಟಿ ಸೊಂಟದ ಮೇಲೆ ಇದ್ದುದರಿಂದ ಎರಡು ಕೈ ಜೋಡಿಸಲು ಆಗಲಿಲ್ಲ. ಮುಷ್ಟಿಯನ್ನೇ ಎದೆಗೆ ಒತ್ತಿ ತಲೆ ಬಾಗಿಸಿದೆ.

ಹಿಂದೆ ತಂಬಿಗೆ ನೆಲಕ್ಕೆ ಬಿದ್ದ ಸಪ್ಪಳವಾಯಿತು. "ಯವ್ವಾ! ಅಪ್ಪನ್ನ ಕೊಂದಾಂವಗ ಕೈ ಮುಗೀತಿಯೇನು?" ಸಿದ್ದೇಶ ನನ್ನನ್ನು ದಾಟಿ ಮುಂದೆ ಬಂದ. ಕೊಡಲಿ ಹೆಗಲಿನಿಂದ ಕೈಗೆ ಬಂದಿತ್ತು. ಹುಚ್ಚೀರಪ್ಪ ಬಡಿಗೆ ಎತ್ತಿದ. ದುರಗಮ್ಮ ಚೀರಿದಳು. ನಾನು ಸಿದ್ದೇಶನ ಅಂಗಿಯ ಬೆನ್ನು ಹಿಡಿದೆ.

"ಜಗಳಕ್ಕಲ್ಲಪ್ಪ, ಹೊತ್ತದ್ದಕ್ಕ" ಎಂದೆ. "ನೀ ಗಂಗಾವತ್ಯಾಗಿದ್ದಿ. ನಾ ಮನ್ಯಾಗಿದ್ದೆ. ಆ ಹೊತ್ತಿನ್ಯಾಗ ನಿಮ್ಮಪ್ಪನ ಹತ್ರ ಇದ್ದಾಂವ ಇವನೊಬ್ಬನ. ಇವನೂ ಇರದಿದ್ರ ನಿಮ್ಮಪ್ಪ ಒಬ್ಬಾಂವನ ಈ ಮಣ್ಣಾಗ ಬಿದ್ದು ಜೀವ ಬಿಡ್ತಿದ್ದ. ಈಗ ಹೊಡಿ, ಹೊಡಿಯೂದಿದ್ರ."

ಸಿದ್ದೇಶ ಹೊಡೆಯಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಎದುರಿಗೆ ಹುಚ್ಚೀರಪ್ಪನ ಬಡಿಗೆ ಎತ್ತಿದಂತೆಯೇ ಇತ್ತು. ಅವನ ಕಣ್ಣು ಮಾತ್ರ ನನ್ನ ಮೇಲಿತ್ತು.

"ಅಕ್ಕೋರ, ಬೈರಿ" ಎಂದ. "ಬಾಯಿಗೆ ಬಂದಂಗ ಬೈರಿ, ತಡ್ಕೋತೀನಿ. ಇದೊಂದು ಅನ್ನಬ್ಯಾಡ್ರಿ. ಅವತ್ತ ಮೊದಲು ದನಿ ಏರಿಸಿದಾಂವ ನಾನ. ಅವ್ರು ಸುಮ್ನ ಹೊಂಟಿದ್ರು. ನಾನ ಕರದು ಜಗಳ ತಗದೆ."

ಬಡಿಗೆ ತಾನಾಗಿ ಕೆಳಗೆ ಬಂತು. ದುರಗಮ್ಮ ಎದ್ದು ಬಂದು ಅದನ್ನು ಅವನ ಕೈಯಿಂದ ಕಿತ್ತುಕೊಂಡು ಜೋಳದೊಳಗೆ ಎಸೆದಳು. "ಮೂರು ತಿಂಗಳಾತು, ಉಂಡಿಲ್ಲ, ಮಲಗಿಲ್ಲ, ಬರೇ ಬೀಡಿ. ಹೇಳಾಕ ಬಾಯಿ ಇರಲಿಲ್ಲ, ಬಡಿಗಿ ಹಿಡಿಯಾಕ ಕೈ ಅದಾವು ಈ ಮನಿಷ್ಯಾಗ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಕೈಯಾಗಿಂದು ಒಣಗಾಕತ್ತೈತಿ. ಎಲ್ಲೆರ ಚೆಲ್ರಿ" ಎಂದಳು.

ನಾನು ಬಗ್ಗಿ, ಹಿಡಿಯಲ್ಲಿದ್ದುದನ್ನು ಕಾಲ ಬುಡದಲ್ಲಿ, ಬದುವಿನ ಮೇಲೆಯೇ ಬಿಟ್ಟೆ. ಯಾವ ಕಡೆಗೆ ಎಷ್ಟು ಬಿತ್ತು ಎಂದು ನೋಡಲಿಲ್ಲ. ಬದು ಅಳೆಯುವುದು ಭೂಮಾಪಕರ ಕೆಲಸ, ಅವರೇ ಬಂದು ಅಳೆಯಲಿ.

ಸಿದ್ದೇಶ ಇನ್ನೂ ನಿಂತಿದ್ದ. ಕೊಡಲಿಯ ಕಾವು ನೆಲಕ್ಕೆ ಊರಿದ್ದ, ಅದರ ಮೇಲೆ ಭಾರ ಬಿಟ್ಟಿದ್ದ. ಅವನ ಬಾಯಿಂದ ಒಂದು ಪ್ರಶ್ನೆ ಬಂತು. ಈ ದಿನಗಳಲ್ಲಿ ಅವನು ಯಾರನ್ನೂ ಕೇಳದೆ, ಕೇಳಲು ಯಾರೂ ಇಲ್ಲದೆ ಇಟ್ಟುಕೊಂಡಿದ್ದ ಪ್ರಶ್ನೆ ಅದೆಂದು ನನಗೆ ಆಗ ತಿಳಿಯಿತು.

"ದಾರ್ಯಾಗ ಅಪ್ಪ ಏನರ ಮಾತಾಡಿದ್ನೇನು?"

ಹುಚ್ಚೀರಪ್ಪ ಬದುವಿನ ಅಂಚಿಗೆ ಕುಕ್ಕರುಗಾಲಲ್ಲಿ ಕೂತ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಮೊದಲು ಚಪ್ಪಲಿ ಅಂದ್ರು. ಒಂದು ಚಪ್ಪಲಿ ಕೆಸರಾಗ ಕಳಚಿ ಬಿತ್ತು. ನಿಲ್ಲೋ, ಹೊಸಾವು ಚಪ್ಪಲಿ ಅದಾವು ಅಂದ್ರು. ನಾ, ಸುಮ್ಕಿರ್ರಿ, ಹೊಳ್ಳಿ ಬಂದು ತರ್ತೀನಿ ಅಂದೆ. ಆಮ್ಯಾಲ ನಿನಗ ಭಾರಾಗ್ತೈತಿ, ಇಳಸು ಅಂದ್ರು. ಆಗಷ್ಟ ಜಗಳಾಡಿದಾಂವ್ಗ ಭಾರಾಗ್ತೈತಂತ. ಟೆಂಪೋದಾಗ ಕಣ್ಣು ಮುಚ್ಚಿದ್ರು. ಕುಷ್ಟಗಿ ಊರು ಕಾಣೂ ಹೊತ್ತಿಗೆ ಒಮ್ಮಿ ಕಣ್ಣು ತಗದ್ರು. ಸಿದ್ದೇಶ ಬಂದ್ನೇನು ಅಂದ್ರು."

ಸಿದ್ದೇಶ ತಲೆ ಎತ್ತಿ ಅವನನ್ನು ನೋಡಿದ.

"ನಾ ಸುಳ್ಳು ಹೇಳಿದೆಪ್ಪ. ಬಂದಾನ್ರಿ, ಹಿಂದನ ಗಾಡಿ ಮ್ಯಾಲ ಬರಾಕತ್ತಾನ ಅಂದೆ. ಹೂಂ ಅಂದ್ರು. ನನ್ನ ಕೈ ಹಿಡಕೊಂಡ್ರು. ನಿನ್ನ ಕೈ ಅಂತ ತಿಳಕೊಂಡಿದ್ರೋ ಏನೋ. ಗಟ್ಟಿ ಹಿಡಕೊಂಡಿದ್ರು."

ಅವನು ಆ ಕೈಯನ್ನು ಮುಂದೆ ಚಾಚಿ ತೋರಿಸಿದ. ಸಿದ್ದೇಶ ಅದನ್ನು ನೋಡುತ್ತಾ ನೋಡುತ್ತಾ ಅವನ ಎದುರಿಗೆ ಮಣ್ಣಿನಲ್ಲಿ ಕೂತ. ಅಪ್ಪ ಹೋದ ದಿನ ಅಳದಿದ್ದವನು ಈಗ ಬಾಯಿ ತೆರೆದು ಅತ್ತ. ಅಮೃತಾ ದೂರದಿಂದ ಓಡಿ ಬರುತ್ತಿದ್ದಳು. ನಾನು ಕೈ ಮಾಡಿ ಅವಳನ್ನು ಅಲ್ಲೇ ನಿಲ್ಲಿಸಿದೆ.

ಅತ್ತು ಮುಗಿದ ಮೇಲೆ ಸಿದ್ದೇಶ ಮೂಗು ಒರೆಸಿಕೊಂಡು, ಹುಚ್ಚೀರಪ್ಪನ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದ.

"ಮೊದಲಿಂದ ಹೇಳು ಕಾಕಾ" ಎಂದ. "ಎಲ್ಲಿ ಎತ್ತಿ ಹೊತ್ತಿ, ಅಲ್ಲಿಂದ ಹೇಳು. ಏನೂ ಬಿಡಬ್ಯಾಡ."