ಹೊಗೆಯ ಬಣ್ಣ ಬಲ್ಲವರು

ದೊಡ್ಡಹನುಮಯ್ಯನವರು ಯಾರೊಡನೆ ಮಾತನಾಡುವಾಗಲೂ ಎಡಗೆನ್ನೆಯನ್ನು ಮರೆಮಾಡಿಕೊಂಡವರಂತೆ ಮುಖವನ್ನು ಒಂದಿಷ್ಟು ಓರೆಯಾಗಿಯೇ ಇಟ್ಟುಕೊಳ್ಳುತ್ತಾರೆ. ಗೋವಿಂದರಾಜನಗರದ ನಮ್ಮ ಅಡ್ಡರಸ್ತೆಗೆ ಹೊಸದಾಗಿ ಬಾಡಿಗೆಗೆ ಬಂದವರು ಇದನ್ನು ಗರ್ವವೆಂದೋ ಕಿವಿಯ ಮಂದತನವೆಂದೋ ತಿಳಿಯುತ್ತಾರೆ. ಅವರ ಎದುರು ಮನೆಗೆ ಬಂದ ಹೊಸದರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಮಾಗಡಿ ರಸ್ತೆಯಲ್ಲಿ ಒಂದು ಕಾಲಕ್ಕೆ ಇದ್ದ ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಬಾಯ್ಲರಿನ ಬಾಗಿಲು ತೆಗೆದು ಸೌದೆ ತುಂಬಿದ ದೇಹ ಅದು. ಝಳಕ್ಕೆ ಕೆನ್ನೆ ತಪ್ಪಿಸುವ ಅಭ್ಯಾಸ, ಗಿರಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಅವರನ್ನು ಬಿಟ್ಟಿಲ್ಲ.

ಅವರ ನಡುಮನೆಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿಯೇ ಕೆಂಪು ಮೊಹರಿನ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟು ಇದೆ. ಹಿತ್ತಿಲ ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಸೌದೆಯ ಒಲೆ. ಬೆಳಿಗ್ಗೆ ಆರಕ್ಕೆ ಗಿರಣಿಯ ಖಾಕಿ ಕೋಟನ್ನು ತೊಟ್ಟು, ಮೇಲಿನ ಗುಂಡಿಯವರೆಗೂ ಹಾಕಿಕೊಂಡು, ಅವರು ಆ ಒಲೆಯ ಮುಂದೆ ಕೂರುತ್ತಿದ್ದ ಗಾಂಭೀರ್ಯವನ್ನು ನೋಡಿದರೆ ಇಡೀ ಬಡಾವಣೆಗೇ ಅಲ್ಲಿಂದ ಉಗಿ ಸರಬರಾಜಾಗುತ್ತದೆಯೇನೋ ಎನಿಸುತ್ತಿತ್ತು. "ಗಾಳಿ ನೋಡ್ಬೇಕು ಸಾರ್" ಎನ್ನುವುದು ಅವರ ಪಲ್ಲವಿ. ಬೆಂಕಿಯ ವಿಷಯಕ್ಕೆ ಮಾತ್ರವಲ್ಲ, ಮಗಳ ಮದುವೆಯ ಮಾತಿಗೂ ಚುನಾವಣೆಯ ಮಾತಿಗೂ ಅದೇ. "ಕಪ್ಪು ಹೊಗೆ ಬಂತಾ, ಗಾಳಿ ಸಾಲ್ದು. ಬಿಳಿ ಬಂತಾ, ಸೌದೆ ಹಸಿ. ಏನೂ ಕಾಣ್ಲಿಲ್ವಾ, ಕೂತಿರೋನಿಗೆ ಕೆಲ್ಸ ಗೊತ್ತು ಅಂತ ಅರ್ಥ."

ಇಷ್ಟು ಬಲ್ಲವರು ತಮ್ಮ ಮನೆಯ ಹೊಗೆಯನ್ನು ಮಾತ್ರ ತಲೆಯೆತ್ತಿ ನೋಡುವುದನ್ನು ಯಾವಾಗಲೋ ಬಿಟ್ಟುಬಿಟ್ಟಿದ್ದರು. ಸುತ್ತಲಿನ ಸೌದೆ ಡಿಪೋಗಳು ಒಂದೊಂದಾಗಿ ಮುಚ್ಚಿಹೋದಾಗ ಅವರು ಕಾಮಾಕ್ಷಿಪಾಳ್ಯದ ಫರ್ನಿಚರ್ ವರ್ಕ್‌ಶಾಪೊಂದರ ಮುಂದೆ ಬಿದ್ದಿರುತ್ತಿದ್ದ ಪ್ಲೈವುಡ್ ತುಂಡುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ತರಲು ಶುರುಮಾಡಿದ್ದರು. ಹಿಂದಿನ ಸೈಟಿನಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದಿತು. ಅವರ ಗಿಡ್ಡ ಹೊಗೆಕೊಳವೆ ಅದರ ನೆರಳಿನಲ್ಲಿ ಕುಳಿತುಬಿಟ್ಟಿತು.

ಆ ಕಟ್ಟಡದ ಎರಡನೆಯ ಮಹಡಿಯಲ್ಲಿ ಶುಭಾ ಎಂಬಾಕೆ ಬ್ಲೌಸ್ ಹೊಲಿದುಕೊಂಡು ಸಂಸಾರ ನಡೆಸುತ್ತಿದ್ದರು. ಎರಡನೆಯ ತರಗತಿಯಲ್ಲಿದ್ದ ಮಗಳು ಸಿಂಚನಾಗೆ ಉಬ್ಬಸ. ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಶುಭಾ ಗೇಟಿನ ಬಳಿ ನಿಂತು, ಧ್ವನಿ ಏರಿಸದೆ, "ಅಂಕಲ್, ನಿಮ್ಮ ಒಲೆ ಹೊಗೆ ನಮ್ಮ ಕಿಟಕೀಗೇ ಬರುತ್ತೆ. ಪಾಪುಗೆ ಉಸಿರು ಕಟ್ಟುತ್ತೆ. ಏನಾದ್ರೂ ಮಾಡಿ" ಎಂದರು.

"ನಾನು ಇಪ್ಪತ್ತೆಂಟು ವರ್ಷ ಬಾಯ್ಲರ್ ನೋಡ್ಕೊಂಡೋನಮ್ಮ. ಹೊಗೆ ಅಂದ್ರೇನು ಅಂತ ನಂಗೆ ಹೇಳ್ಕೊಡ್ಬೇಡಿ" ಎಂದು ಇವರು ಒಳಗೆ ನಡೆದರು. ಆಮೇಲೆ ಒಂದು ತಿಂಗಳು ಆ ಕಿಟಕಿ ಬೆಳಿಗ್ಗೆ ಮುಚ್ಚಿಯೇ ಇತ್ತು. ಒಂದು ದಿನ ತಾಯಿ ಮಗುವನ್ನು ಎತ್ತಿಕೊಂಡು ಆಟೋ ಹತ್ತಿದ್ದನ್ನೂ ನಾನು ಕಂಡೆ.

ಜನವರಿಯಲ್ಲಿ ವಾರ್ಡ್ ಕಚೇರಿಯಿಂದ ಆರೋಗ್ಯ ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಹನುಮಯ್ಯನವರು ಅವರನ್ನು ಮೊದಲು ನಡುಮನೆಗೆ ಕರೆದೊಯ್ದು ಸರ್ಟಿಫಿಕೇಟು ತೋರಿಸಿದರು. ಆತ ಅದನ್ನು ಗೌರವದಿಂದಲೇ ಓದಿದರು. ಬಳಿಕ ಬಚ್ಚಲ ಮೂಲೆಯ ರಾಶಿಯಿಂದ ಹೊಳಪು ಹಾಳೆ ಅಂಟಿಸಿದ ತುಂಡೊಂದನ್ನು ಎತ್ತಿ ಮೂಸಿ ನೋಡಿದರು.

"ಯಜಮಾನ್ರೇ, ಸೌದೆ ಉರಿಸ್ಕೊಳ್ಳಿ, ನಾನು ಬೇಡ ಅನ್ನಲ್ಲ. ಆದ್ರೆ ಇದು ಸೌದೆ ಅಲ್ಲ, ಕಸ. ಅಂಟು, ಬಣ್ಣ, ಪ್ಲಾಸ್ಟಿಕ್ಕು. ಕಸ ಸುಡೋದು ಕಾನೂನಿಗೆ ವಿರುದ್ಧ. ಇನ್ನೊಂದ್ಸಲ ದೂರು ಬಂದ್ರೆ ದಂಡ ಹಾಕ್ಲೇಬೇಕಾಗುತ್ತೆ."

ದಂಡದ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಕಸ ಎಂಬ ಮಾತು ಮಾತ್ರ ನಾಟಿತು. ಮೂರು ದಿನ ಒಲೆ ಹೊತ್ತಲಿಲ್ಲ, ಕೋಟು ಮೊಳೆಯಿಂದ ಇಳಿಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ನನ್ನ ಬಾಗಿಲು ತಟ್ಟಿ, "ಮೇಷ್ಟ್ರೇ, ಆ ಯಮ್ಮನ ಮನೇಗೆ ಜೊತೇಲಿ ಬನ್ನಿ" ಎಂದರು. ಜಗಳಕ್ಕೆ ಹೊರಟರೇನೋ ಎಂಬ ಅಳುಕಿನಿಂದಲೇ ನಾನು ಹಿಂದೆ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ಶುಭಾಗೆ ಅವರು ಹೇಳಿದ್ದು ಇಷ್ಟೆ: "ಮಗೂನ ಆಚೆ ರೂಮಿಗೆ ಕಳ್ಸಿ, ಬಾಗಿಲು ಹಾಕಿ. ಕೆಳಗೆ ನಮ್ಮೆಂಗಸರಿಗೆ ಒಂದೇ ತುಂಡು ಹಚ್ಚು ಅಂತ ಹೇಳ್ಬಂದಿದೀನಿ. ನಾನಿಲ್ಲಿ ನಿಂತು ನೋಡ್ಬೇಕು."

ಕಿಟಕಿ ತೆರೆದು ನಿಂತರು. ಕೊಳವೆಯ ಬಾಯಿಂದ ಹಳದಿ ಮಿಶ್ರಿತ ದಪ್ಪ ಹೊಗೆ ಎದ್ದಿತು; ಗಾಳಿಯಿಲ್ಲದ ಮುಂಜಾನೆ, ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಮೇಲೆ ಹೋಗಲು ದಾರಿ ಕಾಣದೆ, ನೇರವಾಗಿ ಕಿಟಕಿಯತ್ತ ಹೊರಳಿತು. ಆ ವಾಸನೆಯನ್ನು ತಾಳಲಾರದೆ ನಾನು ಹಿಂದೆ ಸರಿದೆ. ಅವರು ಸರಿಯಲಿಲ್ಲ. ಕೆನ್ನೆಯನ್ನೂ ತಿರುಗಿಸದೆ, ಕಣ್ಣಲ್ಲಿ ನೀರು ಬರುವವರೆಗೆ, ಕೆಮ್ಮು ಎದೆಯಿಂದ ಕಿತ್ತು ಬರುವವರೆಗೆ ನಿಂತೇ ಇದ್ದರು. ಕಿಟಕಿ ಹಾಕಿ ಹೊರಬಂದಾಗ ಸಿಂಚನಾ ಆಚೆ ಕೋಣೆಯ ಬಾಗಿಲನ್ನು ಸ್ವಲ್ಪವೇ ತೆರೆದು ಕೇಳಿದಳು.

"ತಾತ, ಅದು ನಿಮ್ಮನೆ ಹೊಗೆನಾ?"

"ಹೂಂ ಕಣಮ್ಮ" ಎಂದರು. "ನಮ್ಮನೇದೇ."

ಪ್ಲೈವುಡ್ಡೆಲ್ಲ ಮರುದಿನವೇ ಕಸದ ಗಾಡಿ ಸೇರಿತು. ಶ್ರೀಗಂಧದ ಕಾವಲ್ ಬಡಾವಣೆಯ ಆಚೆ ಉಳಿದಿದ್ದ ಸೌದೆ ಡಿಪೋ ಒಂದನ್ನು ಹುಡುಕಿ ಹಸಿ ನೀಲಗಿರಿ ತರಿಸಿದರು. ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿಸಿ, ಮೇಲೆ ಮಾತ್ರ ತಗಡು ಹೊದಿಸಿ, ಗಾಳಿಯಾಡುವಂತೆ ತಾರಸಿಯಲ್ಲಿ ಪೇರಿಸಿಟ್ಟರು. ಅದು ಒಣಗುವಷ್ಟು ತಿಂಗಳೂ ಮನೆಯಲ್ಲಿ ಗ್ಯಾಸಿನ ಮೇಲೆ ಕಾಯಿಸಿದ ನೀರೇ ಸ್ನಾನಕ್ಕೆ. ಬೇಸಗೆಯುದ್ದಕ್ಕೂ ಸಂಜೆ ತಾರಸಿ ಹತ್ತಿ, ಎರಡು ತುಂಡುಗಳನ್ನು ಒಂದಕ್ಕೊಂದು ಕುಟ್ಟಿ ಕಿವಿಗೊಡುತ್ತಿದ್ದರು. ಹಸಿ ಮರ ಮಂಕಾಗಿ ಸದ್ದು ಮಾಡುತ್ತದೆ, ಒಣಗಿದ್ದು ಟಣ್ಣೆನ್ನುತ್ತದೆ. ಅಷ್ಟರಲ್ಲಿ ಒಲೆಯನ್ನು ಒಡೆದು, ಅಡಿಯಿಂದ ಗಾಳಿ ಬರುವಂತೆ ಕಬ್ಬಿಣದ ಜಾಲರಿ ಕೂರಿಸಿದರು. ಹೊಗೆಕೊಳವೆಯನ್ನು ಹಿಂದಿನ ಕಟ್ಟಡದ ನೆತ್ತಿಗಿಂತ ಎತ್ತರಕ್ಕೆ ಏರಿಸಿ ತಂತಿ ಬಿಗಿದರು. ಅದಕ್ಕೆ ಆ ಕಟ್ಟಡದವರ ಗೋಡೆಯ ಆಸರೆ ಬೇಕಾಯಿತು. ಅವರನ್ನು ಕೇಳಿ ಒಪ್ಪಿಸಿದವರು ಶುಭಾ.

ಮೇ ಕೊನೆಯಲ್ಲಿ ಮತ್ತೆ ಒಲೆ ಹೊತ್ತಿತು. ಸಿಂಚನಾ ಕಿಟಕಿಯಲ್ಲಿ ನಿಂತು ಮೇಲೆ ನೋಡಿದಳು. "ತಾತ, ಬಿಳಿ" ಎಂದು ಕೂಗಿದಳು. ಅವರು ಒಂದು ತುಂಡು ಹೊರಗೆಳೆದು ಜಾಲರಿ ಕೆದಕಿದರು. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಈಗ ಏನೂ ಕಾಣ್ತಿಲ್ಲ" ಎಂದಳು.

ಅಂದು ಕಾಫಿ ಕೊಡುತ್ತಾ ಅವರ ಹೆಂಡತಿ ಗಂಗಲಕ್ಷ್ಮಮ್ಮ ನನ್ನೆದುರಿಗೇ ಗಂಡನಿಗೆ ಹೇಳಿದರು. "ಆಫೀಸಿಗೆ ದೂರು ಹೇಳಿದ್ದು ಶುಭಾ ಅಲ್ಲ, ನಾನು. ಆರು ವರ್ಷದಿಂದ ನಾನೂ ಕೆಮ್ತಾನೇ ಇದೀನಿ. ನೀವು ಸೀಲು ಸಿಕ್ಕಾ ಇರೋರ ಮಾತು ಬಿಟ್ರೆ ಇನ್ಯಾರ ಮಾತು ಕೇಳ್ತೀರಾ?"

ಹನುಮಯ್ಯನವರು ಲೋಟವನ್ನು ಕೆಳಗಿಟ್ಟರು. ಆಮೇಲೆ, "ನಿನ್ನ ಕೆಮ್ಮು ನಂಗೆ ಕೇಳ್ಸಿತ್ತು. ಅದು ಕೆಮ್ಮು ಅಂತ ಅನ್ನಿಸ್ಲಿಲ್ಲ" ಎಂದರು. ಆ ಮಾತು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಧ್ವನಿಯಲ್ಲಿತ್ತು.

ಮಗುವಿನ ಉಬ್ಬಸ ಪೂರ್ತಿ ಹೋಗಿಲ್ಲ. ಮುಖ್ಯರಸ್ತೆಯ ಧೂಳಿಗೆ ಇವರೇನು ಮಾಡಿಯಾರು? ಆದರೆ ಬೆಳಗಿನ ಹೊತ್ತು ಈಗ ಕಿಟಕಿ ತೆರೆದಿರುತ್ತದೆ. ಮಂಜು ಕವಿದು ಎಲೆಯೂ ಅಲುಗದ ದಿನಗಳಲ್ಲಿ ಹನುಮಯ್ಯನವರು ಒಲೆಯ ತಂಟೆಗೇ ಹೋಗುವುದಿಲ್ಲ.

ಕೆಲಸ ಬಲ್ಲವರಿಗೆ ಅವರ ತಪ್ಪು ತೋರಿಸುವುದು ದುಸ್ಸಾಧ್ಯ. ಅವರು ಒಂದು ಕಾಲದಲ್ಲಿ ನಿಜವಾಗಿಯೂ ಸರಿಯಾಗಿದ್ದವರು, ಆ ನೆನಪೇ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ವಿದ್ಯೆಯನ್ನು ದುಡಿದ ಜಾಗದಲ್ಲೇ ಬಿಟ್ಟು ಅದರ ಹೆಮ್ಮೆಯನ್ನಷ್ಟೇ ಮನೆಗೆ ತರುವುದು ನಮ್ಮಂಥ ಮೇಷ್ಟರುಗಳಿಗೂ ಅಪರಿಚಿತವಲ್ಲ. ಆದರೆ ನಾವು ತಪ್ಪು ತಿಳಿದ ಮೇಲೆ ಅದರ ಬಗ್ಗೆ ಚೆನ್ನಾಗಿ ಮಾತನಾಡುತ್ತೇವೆ. ಹನುಮಯ್ಯನವರಂಥವರಿಗೆ ಕ್ಷಮೆಯ ಮಾತು ಬರುವುದಿಲ್ಲ, ಕಟ್ಟಿದ್ದನ್ನು ಒಡೆದು ಬುಡದಿಂದ ಕಟ್ಟುವುದು ಬರುತ್ತದೆ. ಪಕ್ಕದ ಮನೆಯವರಿಗೆ ಬೇಕಾಗಿರುವುದೂ ಅಷ್ಟೇ.