ಮೈಕಿಲ್ಲದೆ ಆಡಿದ ಮಾತು

ಇಪ್ಪತ್ತೆರಡು ವರ್ಷದಿಂದ ನಾನು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಮದುವೆಗೂ ಹೋಗುತ್ತೇನೆ, ಶಾಲೆಯ ಆಟೋಟಕ್ಕೂ ಹೋಗುತ್ತೇನೆ, ಆದರೆ ಚುನಾವಣೆ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಎಲ್ಲ ಪಕ್ಷದವರಿಗೂ ನನ್ನದೇ ಸ್ಪೀಕರ್. ಬೆಳಿಗ್ಗೆ ಇವನು ಬಂದು ಅವನನ್ನು ಕಳ್ಳ ಎನ್ನುತ್ತಾನೆ, ಸಂಜೆ ಅದೇ ಸ್ಪೀಕರಿನಲ್ಲಿ ಅವನು ಬಂದು ಇವನನ್ನು ಕಳ್ಳ ಎನ್ನುತ್ತಾನೆ. ಇಡೀ ಪ್ರಚಾರದಲ್ಲಿ ನನ್ನ ಸ್ಪೀಕರಿನಿಂದ ಹೊರಬೀಳುವ ಸತ್ಯ ಅವೆರಡೇ. ಉಳಿದದ್ದೆಲ್ಲ ಅಂಗೈಯಲ್ಲಿ ಅರಮನೆ.

ನನಗೆ ಕೆಲಸ ಕಲಿಸಿದ ಯಜಮಾನರು, “ಮೈಕಿನವನಿಗೆ ಕಿವಿ ಇರಬೇಕು ಕಣೋ, ಬಾಯಿ ಇರಬಾರದು” ಎನ್ನುತ್ತಿದ್ದರು. ಅದನ್ನು ನಾನು ಇಷ್ಟು ವರ್ಷ ಪಾಲಿಸಿದೆ. ಸಭೆ ಎಷ್ಟು ಹೊತ್ತಿಗೆ ಮುಗಿಯಿತು ಎಂದು ಪೊಲೀಸರು ಕೇಳಿದರೆ ತೋರಿಸಲು ಪ್ರತಿ ಭಾಷಣವನ್ನೂ ರೆಕಾರ್ಡ್ ಮಾಡಿ ಇಡುತ್ತೇನೆ. ಅದಕ್ಕೆ ಇನ್ನೊಂದು ಉಪಯೋಗವೂ ಇದೆ. ಮುಂದಿನ ಸಭೆಯಲ್ಲಿ ಸ್ಪೀಕರ್ ಕಟ್ಟಿದ ಮೇಲೆ, ಅದೇ ಆಸಾಮಿಯ ಹಳೆಯ ಭಾಷಣವನ್ನು ಅರ್ಧ ನಿಮಿಷ ಹಾಕಿ, ಅವನ ಗಂಟಲಿಗೆ ತಕ್ಕಂತೆ ದನಿ ಹೊಂದಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ಅವನು ಆವೇಶ ಬಂದು ಕಿರುಚಿದಾಗ ಸ್ಪೀಕರ್ ಕುಂಯ್ ಎಂದು ಸಭೆಯ ಕಿವಿ ಹರಿಯುತ್ತದೆ. ಆ ಅರ್ಧ ನಿಮಿಷವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಪೂರ್ತಿ ಭಾಷಣವನ್ನೇ ಯಾರೂ ಕೇಳಿಸಿಕೊಳ್ಳುವುದಿಲ್ಲ ಎನ್ನಿ.

ಈ ಸಲದ ಅಭ್ಯರ್ಥಿಗಳಲ್ಲಿ ಒಬ್ಬನಿಗೆ ಜನ ‘ಆಣೆ ಸಾಹೇಬ’ ಎಂದು ಹೆಸರಿಟ್ಟಿದ್ದರು. ನಲ್ಲಿಯಲ್ಲಿ ನೀರು ಬರುತ್ತದೆ, ತಾಯಿ ಆಣೆ. ದೀಪ ಉರಿಯುತ್ತದೆ, ತಾಯಿ ಆಣೆ. ಆ ತಾಯಿ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಇನ್ನೆಷ್ಟು ಆಣೆ ಇಟ್ಟರೂ ಆಕೆಗೆ ಹೊಸದಾಗಿ ಯಾವ ಕೇಡೂ ಆಗುವಂತಿಲ್ಲ. ಆ ಧೈರ್ಯದಲ್ಲೇ ಅವನು ಹೋದಲ್ಲೆಲ್ಲ ಒಂದೊಂದು ಆಣೆ ಎಸೆದು ಬರುತ್ತಿದ್ದ.

ಇದೆಲ್ಲ ನನಗೆ ತಮಾಷೆಯಾಗಿಯೇ ಇತ್ತು, ಅಕ್ಕನ ಅಂಗಡಿಯ ವಿಷಯ ಬರುವ ತನಕ.

ಅಕ್ಕ ಹಳೆ ಮಾರುಕಟ್ಟೆಯ ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಒಂದು ಮಿಷನ್ನು, ಒಂದು ಇಸ್ತ್ರಿ ಪೆಟ್ಟಿಗೆ, ಕೂರಲು ಒಂದು ಬೆಂಚು. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಪ್ಯಾಂಟಿನ ಉದ್ದ ಕಮ್ಮಿ ಮಾಡುವುದು, ಜಿಪ್ ಹಾಕುವುದು, ದಪ್ಪಗಾದವರ ರವಿಕೆ ಬಿಚ್ಚಿ ಸಡಿಲ ಮಾಡುವುದು ಜಾಸ್ತಿ. ಭಾವನ ಸೊಂಟ ಬಿದ್ದುಹೋದ ಮೇಲೆ ಮನೆ ನಡೆಯುತ್ತಿರುವುದು ಆ ಮಿಷನ್ನಿನ ಮೇಲೆಯೇ. ಅಮ್ಮ ಹೋದಾಗ ಏಳು ವರ್ಷದವನಾಗಿದ್ದ ನನ್ನನ್ನು ಸಾಕಿದವಳೂ ಇವಳೇ.

ರಸ್ತೆ ಅಗಲ ಮಾಡಲು ಆ ಸಾಲಿನ ನಲವತ್ತು ಅಂಗಡಿ ತೆಗೆಯುವುದಾಗಿ ಪುರಸಭೆ ನೋಟಿಸ್ ಅಂಟಿಸಿತ್ತು. ಇಪ್ಪತ್ತೈದನೇ ತಾರೀಖಿನೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಜಾಗ ಬಿಟ್ಟವರಿಗೆ ಬಸ್ ನಿಲ್ದಾಣದ ಹಿಂದಿನ ಹೊಸ ಕಟ್ಟಡದಲ್ಲಿ ಮಳಿಗೆ. ಸಹಿ ಹಾಕದವರಿಗೆ ಆಮೇಲೆ ಏನೂ ಇಲ್ಲ. ಆದರೆ ಸಾಲು ಉಳಿದುಬಿಟ್ಟರೆ, ಸಹಿ ಹಾಕಿ ಹೋದವರು ಹದಿನೆಂಟು ವರ್ಷದ ಗಿರಾಕಿಗಳನ್ನು ಕೈಯಾರೆ ಕಳೆದುಕೊಂಡಂತೆ. ಅಕ್ಕನ ಸಂಕಟ ಅದು. ಆಣೆ ಸಾಹೇಬ ಅಂಗಡಿ ಅಂಗಡಿಗೆ ಬಂದು, ಸಾಲಿನ ಒಂದು ಇಟ್ಟಿಗೆಯನ್ನೂ ಮುಟ್ಟಗೊಡುವುದಿಲ್ಲ, ಯಾರೂ ಸಹಿ ಹಾಕಬೇಡಿ ಎಂದು ಹೇಳಿ ಹೋಗಿದ್ದ.

ಇಪ್ಪತ್ತೆರಡನೇ ತಾರೀಖು ಅವನ ಸಭೆ ಹೊಸ ಬಡಾವಣೆಯಲ್ಲಿತ್ತು. ಅಲ್ಲಿನವರಿಗೆ ಕಾರಿದೆ, ಕಾರಿಗೆ ದಾರಿಯಿಲ್ಲ. ಆಣೆ ಸಾಹೇಬ ಎದೆ ತಟ್ಟಿಕೊಂಡು ಹೇಳಿದ: “ಆ ಹಳೇ ಅಂಗಡಿ ಸಾಲನ್ನ ಮೂರು ತಿಂಗಳಲ್ಲಿ ನೆಲಸಮ ಮಾಡಿಸ್ತೀನಿ. ನನ್ನ ಹೆತ್ತ ತಾಯಿ ಆಣೆ!” ಚಪ್ಪಾಳೆ ಬಿತ್ತು. ನಾನು ದನಿ ಹೊಂದಿಸುವ ಮಿಕ್ಸರ್ ಮುಂದೆ ಕೂತು ಹಲ್ಲು ಕಡಿದೆ.

ಮರುದಿನ ಬೆಳಿಗ್ಗೆಯೇ ಅಕ್ಕನ ಅಂಗಡಿಗೆ ಹೋಗಿ ಹೇಳಿದೆ. ಅವಳು ಯಾರದೋ ಪ್ಯಾಂಟಿಗೆ ಅಂಚು ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ನಿಂಗೆ ಎಲ್ಲರ ಮೇಲೂ ಅನುಮಾನ. ಮೊನ್ನೆ ಆ ಮನುಷ್ಯ ಈ ಬೆಂಚಿನ ಮೇಲೆ ಕೂತಿದ್ದರು. ‘ಅಕ್ಕಾ’ ಅಂದ್ರು.”

“ವೋಟಿರೋರೆಲ್ಲ ಅವನಿಗೆ ಅಕ್ಕಂದಿರೇ. ಚುನಾವಣೆ ಮುಗಿದ ಮಾರನೇ ದಿನ ನೋಡು, ಒಬ್ಬನೇ ಮಗ ಆಗಿಬಿಡ್ತಾನೆ.”

“ಸಾಕು ಸುಮ್ನಿರೋ. ನೀನೇ ಏನೋ ತಪ್ಪು ಕೇಳಿಸ್ಕೊಂಡಿರ್ತೀಯ.”

ಆ ಮಾತು ನನ್ನನ್ನು ಕೆರಳಿಸಿತು. ನನ್ನ ಬುದ್ಧಿಯನ್ನು ಯಾರು ಬೇಕಾದರೂ ಬೈಯಲಿ, ಕಿವಿಯನ್ನು ಬೈದರೆ ನಾನು ಸಹಿಸುವವನಲ್ಲ.

ಅಂದು ಸಂಜೆಯೇ ಆಣೆ ಸಾಹೇಬನ ಸಭೆ ಮಾರುಕಟ್ಟೆಯಲ್ಲಿತ್ತು. ಸ್ಪೀಕರ್ ಕಟ್ಟಿದೆ, ವೈರು ಎಳೆದೆ. ಅಂಗಡಿ ಸಾಲಿನವರೆಲ್ಲ ಕುರ್ಚಿಗಳಲ್ಲಿ ಕೂತು ಸಾಹೇಬನ ದಾರಿ ಕಾಯುತ್ತಿದ್ದರು, ಮೂರನೇ ಸಾಲಿನಲ್ಲಿ ಅಕ್ಕ. ದನಿ ಹೊಂದಿಸುವ ನೆಪದಲ್ಲಿ ಹಿಂದಿನ ದಿನದ ರೆಕಾರ್ಡ್ ಹಾಕಿದೆ. ಅರ್ಧ ನಿಮಿಷವಲ್ಲ, ಬೇಕಾದ ಜಾಗದಿಂದ ಬೇಕಾದಷ್ಟು, ಪೂರ್ತಿ ದನಿಯಲ್ಲಿ. ನೆಲಸಮ, ಮೂರು ತಿಂಗಳು, ಹೆತ್ತ ತಾಯಿ, ಚಪ್ಪಾಳೆ ಎಲ್ಲವೂ ಮಾರುಕಟ್ಟೆಯ ಗೋಡೆಗೆ ಬಡಿದು ವಾಪಸ್ ಬಂತು.

ಕುರ್ಚಿಗಳು ಸರಿದಾಡಿದವು. ಗಡಿಯಾರ ರಿಪೇರಿ ಅಂಗಡಿಯವನು ಎದ್ದುನಿಂತ. ಅಷ್ಟರಲ್ಲಿ ಆಣೆ ಸಾಹೇಬನ ಕಾರು ಬಂತು. ಅವನು ವೇದಿಕೆ ಹತ್ತಿ ಕೈಮುಗಿಯುವ ಮೊದಲೇ ಗಡಿಯಾರದವನು ಕೇಳಿದ:

“ಸಾಹೇಬ್ರೇ, ಬಡಾವಣೆಯಲ್ಲಿ ನಮ್ಮ ಸಾಲು ಒಡೆಸ್ತೀನಿ ಅಂದ್ರಂತೆ? ನಿಮ್ಮದೇ ದನಿ ಈಗ ತಾನೇ ಕೇಳಿದ್ವಿ.”

ಈಗ ಸಿಕ್ಕಿಬಿದ್ದೆಯಾ ಮಗನೇ ಎಂದುಕೊಂಡು ನಾನು ಮೈಕಿನ ದನಿ ಇನ್ನೊಂದು ಗೆರೆ ಏರಿಸಿದೆ, ಅವನ ತೊದಲು ಊರಿಗೆಲ್ಲ ಕೇಳಲಿ ಎಂದು. ಅವನು ತೊದಲಲಿಲ್ಲ. ನಕ್ಕ.

“ಅಂದೆ. ಇನ್ನೇನಂತ ಹೇಳಲಿ? ಅಲ್ಲಿ ಎಂಟುನೂರು ವೋಟಿದೆ. ಅವರ ಕಿವಿಗೆ ಹೂ ಇಡದೆ ನಾನು ಗೆಲ್ಲೋದು ಹೇಗೆ? ಗೆಲ್ಲದೆ ನಿಮ್ಮ ಸಾಲು ಉಳಿಸೋದು ಹೇಗೆ? ನಿಮಗೋಸ್ಕರ ನಾನು ತಾಯಿ ಮೇಲೆ ಸುಳ್ಳು ಆಣೆ ಇಟ್ಟೆ. ಆ ಪಾಪ ನನಗಿರಲಿ!”

ಆಮೇಲೆ ಬಿತ್ತು ನೋಡಿ ಚಪ್ಪಾಳೆ. ಬಡಾವಣೆಯವರು ಬೇಸ್ತು ಬಿದ್ದರಲ್ಲ ಎಂಬ ಖುಷಿಗೆ ಕೆಲವರು ಸೀಟಿ ಹೊಡೆದರು. ಗಡಿಯಾರದವನು ಕಣ್ಣೊರೆಸಿಕೊಂಡ. ತಮ್ಮೆದುರಿಗೇ ಒಬ್ಬ ತಾನು ಸುಳ್ಳುಗಾರ ಎಂದು ಒಪ್ಪಿಕೊಂಡರೆ, ‘ಸದ್ಯ, ನಮಗಲ್ಲವಲ್ಲ’ ಎಂದು ಕೈತಟ್ಟುವ ಜನಕ್ಕೆ ಯಾವ ಮದ್ದಿದೆ? ಇವರಿಗೆ ಮೋಸ ಮಾಡಲು ಜಾಣತನ ಬೇಡ, ಪಕ್ಕದ ಬೀದಿಯವರಿಗೆ ಮೋಸವಾಗುತ್ತಿದೆ ಎಂಬ ಆಸೆ ತೋರಿಸಿದರೆ ಸಾಕು. ಅಷ್ಟು ಅಸಹ್ಯ ನನಗೆ ಎಂದೂ ಆಗಿರಲಿಲ್ಲ.

ಚಪ್ಪಾಳೆ ತಟ್ಟದವಳು ಅಕ್ಕ ಒಬ್ಬಳೇ. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದಳು.

“ತಾಯಿ ಹೆಸರಲ್ಲಿ ಅವರಿಗೆ ಸುಳ್ಳು ಹೇಳಿದೋನು ನಮಗೆ ಮಾತ್ರ ನಿಜ ಹೇಳ್ತಾನಾ? ನೀನಂದಿದ್ದೇ ಸರಿ ಕಣೋ. ಇನ್ನೆರಡು ದಿನ ಇದೆಯಲ್ಲ, ಸಹಿ ಹಾಕಿ ಕೊಟ್ಟುಬಿಡ್ತೀನಿ.”

ನನಗೆ ಹಿಡಿಸಲಾರದಷ್ಟು ಹೆಮ್ಮೆ. ಸಾವಿರ ಜನರಲ್ಲಿ ತಲೆಯಿರುವವಳು ನನ್ನ ಅಕ್ಕ ಎಂದು ಬೀಗುತ್ತ ವೈರು ಸುತ್ತತೊಡಗಿದೆ. ಆಗ ಯಾರೋ ಹೆಗಲ ಮೇಲೆ ಕೈಯಿಟ್ಟರು. ಆಣೆ ಸಾಹೇಬ. ಸುತ್ತ ಅವನ ಹಿಂಬಾಲಕರಿರಲಿಲ್ಲ.

“ಬೇಕಂತಲೇ ಹಾಕಿದೆ ಅಲ್ವಾ?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ನಮ್ಮಕ್ಕನ ಅಂಗಡಿ ಇದೆ ಸಾರ್ ಇಲ್ಲಿ. ಪೂರ್ವದ ತುದಿಯಲ್ಲಿ, ಹೊಲಿಗೆ ಅಂಗಡಿ.”

ಅವನು ಬೂಟಿನ ತುದಿಯಿಂದ ಕಲ್ಲೊಂದನ್ನು ಉರುಳಿಸುತ್ತ ಯೋಚಿಸಿದ. “ನಿನ್ನ ಹತ್ರ ನಾಟಕ ಆಡಿ ಏನು ಪ್ರಯೋಜನ, ನೀನು ಎರಡೂ ಕಡೆ ಕೇಳ್ದೋನು. ರಸ್ತೆ ಆಗೇ ಆಗತ್ತೆ ಮಾರಾಯ, ಅದನ್ನ ತಡೆಯೋದು ನನ್ನ ಕೈಲೂ ಇಲ್ಲ. ಆದ್ರೆ ನಕ್ಷೆ ನೋಡಿದೀನಿ. ಪೂರ್ವದ ತುದಿಯ ಐದಾರು ಅಂಗಡಿ ಉಳಿಯತ್ತೆ. ನಿಮ್ಮಕ್ಕ ಸಹಿ ಹಾಕೋದು ಬೇಡ. ಉಳಿದೋರಿಗೆ ಹೇಳಬೇಡ, ಗಲಾಟೆ ಆಗತ್ತೆ.”

ಅಷ್ಟು ಹೇಳಿ ಕಾರು ಹತ್ತಿ ಹೋದ. ಆಣೆ ಇಡಲಿಲ್ಲ. ಕೈ ಮುಗಿಯಲಿಲ್ಲ. ಮೈಕಿರಲಿಲ್ಲ, ಕೇಳಲು ಜನರಿರಲಿಲ್ಲ. ಇಪ್ಪತ್ತೆರಡು ವರ್ಷ ನನಗೆ ಕಂಡದ್ದು ಇಷ್ಟು: ಇವರು ಸುಳ್ಳು ಹೇಳುವುದು ಮೈಕಿನ ಮುಂದೆ. ಮೈಕ್ ಆಫ್ ಆದ ಮೇಲೆ, “ಥೂ, ಈ ಜನ” ಎಂದು ಬೈದುಕೊಳ್ಳುವಾಗ ಮಾತ್ರ ನಿಜ ಬಾಯಿಗೆ ಬರುತ್ತದೆ. ಈ ಮಾತು ಆ ಜಾತಿಯದು ಎಂದು ನನ್ನ ಕಿವಿ ತೀರ್ಪು ಕೊಟ್ಟಿತು.

ಇಪ್ಪತ್ತೈದರಂದು ಅಕ್ಕ ಒಪ್ಪಿಗೆ ಪತ್ರವನ್ನು ಮಿಷನ್ನಿನ ಮೇಲೆ ಹರಡಿಕೊಂಡು, ಕನ್ನಡಕ ಹಾಕಿಕೊಂಡು ಪೆನ್ನು ಹಿಡಿದಿದ್ದಳು. ನಾನು ಪೆನ್ನು ಕಿತ್ತುಕೊಂಡೆ.

“ಬೇಡ ಅಕ್ಕ. ನಿನ್ನ ಅಂಗಡಿ ಉಳಿಯತ್ತೆ.”

“ಯಾರು ಹೇಳಿದ್ದು?”

“ಅದೆಲ್ಲ ಕೇಳಬೇಡ. ನಾನು ಹೇಳ್ತಿದೀನಿ, ಸಾಲದಾ?”

ಅವಳು ನನ್ನ ಮುಖ ನೋಡಿದಳು. ಆಮೇಲೆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿ, ಬಾಕಿಯಿದ್ದ ಜಿಪ್ ಹೊಲಿಯಲು ಕೂತಳು.

ಆಣೆ ಸಾಹೇಬ ಗೆದ್ದ. ಬಡಾವಣೆಯವರೂ ವೋಟು ಹಾಕಿದ್ದರು, ಮಾರುಕಟ್ಟೆಯವರೂ ಹಾಕಿದ್ದರು. ಮೂರು ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಬುಲ್ಡೋಜರ್ ಬಂತು. ಸುದ್ದಿ ತಿಳಿದು ನಾನು ಓಡಿದೆ. ಪೊಲೀಸರು ಹಗ್ಗ ಎಳೆದಿದ್ದರು. ಆಶ್ಚರ್ಯವೆಂದರೆ, ಗಲಾಟೆಯೇ ಇರಲಿಲ್ಲ. ಸಾಲಿನವರೆಲ್ಲ ಹಗ್ಗದ ಈಚೆ ಶಾಂತವಾಗಿ ನಿಂತಿದ್ದರು. ಒಬ್ಬರೂ ಸಾಮಾನು ಹೊರಗೆ ತಂದಿರಲಿಲ್ಲ.

ಪಶ್ಚಿಮದ ತುದಿಯಲ್ಲಿ ಮೊದಲನೆಯದೇ ಗಡಿಯಾರದವನ ಅಂಗಡಿ. ಬುಲ್ಡೋಜರ್ ಅದರ ಕಡೆಗೇ ತಿರುಗಿ ನಿಂತಿತ್ತು.

“ಗಡಿಯಾರಗಳನ್ನಾದರೂ ತೆಗೀರಿ!” ಎಂದೆ.

ಅವನು ನನ್ನ ಕಿವಿಯ ಹತ್ತಿರ ಬಾಗಿದ. “ನಮ್ಮ ತುದಿ ಉಳಿಯತ್ತೆ. ನಕ್ಷೇಲಿದೆಯಂತೆ. ಸಾಹೇಬ್ರೇ ಹೇಳಿದ್ದು, ಯಾರೂ ಇಲ್ಲದಾಗ. ನಿಮ್ಮಕ್ಕನ ಕಡೆಯಿಂದ ಶುರು ಮಾಡ್ತಾರೇನೋ. ಪಾಪ, ಹೋಗಿ ನೋಡಿ.”

ನಡುವಿನ ಪಾತ್ರೆ ಅಂಗಡಿಯವಳನ್ನು ಕೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು, “ನಡುವಿನ ಐದಾರು ಮುಟ್ಟಲ್ಲ. ಯಾರಿಗೂ ಹೇಳಬೇಡಿ” ಎಂದಳು. ಅವಳ ಮುಖದಲ್ಲಿ ಒಂದು ಸಣ್ಣ ನಗುವಿತ್ತು. ಹಗ್ಗದ ಉದ್ದಕ್ಕೂ ನೋಡಿದೆ. ಎಲ್ಲರ ಮುಖದಲ್ಲೂ ಅದೇ ನಗು, ಪಕ್ಕದವರ ಮೇಲೆ ಅದೇ ಕನಿಕರ. ಸಭೆಯ ದಿನ ಯಾವ ಜನರನ್ನು ಕಂಡು ನನಗೆ ಅಸಹ್ಯವಾಗಿತ್ತೋ ಅವರೇ ಇವರು. ಬುಲ್ಡೋಜರ್ ಸದ್ದು ಮಾಡುವವರೆಗೆ ನಾನೂ ಅದೇ ಮುಖ ಹೊತ್ತು ತಿರುಗಿದ್ದೆ.

ಹಗ್ಗ ದಾಟಿ ಅಕ್ಕನ ಅಂಗಡಿಗೆ ಓಡಿ ಮಿಷನ್ ಎತ್ತಲು ಹೋದೆ. ಒಬ್ಬನಿಗೆ ಏಳಲಿಲ್ಲ. ಹಿಂದೆಯೇ ಬಂದ ಅಕ್ಕ ಇನ್ನೊಂದು ಬದಿ ಹಿಡಿದಳು. ಹೊರಗೆ ಮೊದಲನೆಯ ಗೋಡೆ ಬಿದ್ದ ಸದ್ದಾಯಿತು, ಗಡಿಯಾರದವನು ಕೂಗಿದ್ದು ಕೇಳಿಸಿತು. ನಾವಿಬ್ಬರೂ ಮಿಷನ್ನನ್ನು ಬೀದಿಯಲ್ಲಿಟ್ಟು ಏದುಸಿರು ಬಿಡುತ್ತ ನಿಂತೆವು.

“ಅವನೇ ಹೇಳಿದ್ದನಾ ನಿಂಗೆ?” ಎಂದಳು ಅಕ್ಕ.

ನಾನು ಹೌದೆಂದು ತಲೆಯಾಡಿಸಿದೆ.

ಅವಳು ಮಿಷನ್ನಿನ ಸೂಜಿ ಮುರಿಯದಂತೆ ಬಿಚ್ಚಿ, ಸೆರಗಿನ ತುದಿಗೆ ಚುಚ್ಚಿಕೊಂಡಳು.

“ಅವನು ಹೇಳಿದ್ದು ಅಂತ ಅವತ್ತೇ ಹೇಳಿದ್ದಿದ್ರೆ ಸಹಿ ಹಾಕಿಬಿಡ್ತಿದ್ದೆ ಕಣೋ,” ಎಂದಳು. “ನೀನು ಹೇಳ್ತಿದೀಯ ಅಂತ ನಂಬಿದೆ.”